ನೆಗೆಟಿವ್ ಮೇಲಿನ ಗೀರು: ಗೀಚಿದವರು ಯಾರು?

ನಿಮ್ಮ ಮನೆಯ ಹಳೆಯ ಆಲ್ಬಂನ ಕೊನೆಯ ಪುಟದ ಹಿಂದೆಯೋ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲೋ ಒಂದು ಕಾಗದದ ಕವರು ಇದ್ದೀತು, ಹುಡುಕಿ ನೋಡಿ. ಕವರಿನ ಮೇಲೆ ಯಾವುದೋ ಸ್ಟುಡಿಯೋದ ಹೆಸರು, ಒಳಗೆ ಆರಾರು ಚಿತ್ರಗಳ ಕಪ್ಪು ಪಟ್ಟಿಗಳು. ಬೆಳಕಿಗೆ ಹಿಡಿದರೆ ಕಪ್ಪು ಹಲ್ಲು, ಬಿಳಿ ಕೂದಲಿನ ಮನುಷ್ಯರು ದೆವ್ವಗಳ ಹಾಗೆ ಕಾಣುತ್ತಾರೆ. ಮಕ್ಕಳೇ, ಹೆದರಬೇಡಿ. ಅವರು ನಿಮ್ಮ ಅಜ್ಜ, ಅಜ್ಜಿ, ಸೋದರಮಾವಂದಿರು! ಆ ಪಟ್ಟಿಗೆ ನೆಗೆಟಿವ್ ಎಂದು ಹೆಸರು.

ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಮನೆ ಬದಲಾಯಿಸುವಾಗ ಮೊದಲು ಕಸಕ್ಕೆ ಹೋಗುವುದೇ ಈ ಕವರು. "ಎಲ್ಲಾ ಗೀರು ಬಿದ್ದು ಹಾಳಾಗಿದೆ, ಇಟ್ಕೊಂಡು ಏನ್ ಮಾಡೋದು?" ಎನ್ನುತ್ತಾರೆ. ನನ್ನ ವಿನಂತಿ ಇಷ್ಟೇ: ಎಸೆಯುವ ಮುಂಚೆ ಆ ಗೀರನ್ನು ಒಮ್ಮೆ ಓದಿ. ಎಲ್ಲಾ ಗೀರುಗಳೂ ಒಂದೇ ಅಲ್ಲ. ಕೆಲವು ಗೀರು ಚಿತ್ರವನ್ನೇ ಕಿತ್ತುಕೊಂಡು ಹೋಗಿರುತ್ತವೆ. ಇನ್ನು ಕೆಲವು ಚಿತ್ರವನ್ನು ಮುಟ್ಟಿಯೇ ಇರುವುದಿಲ್ಲ. ನೋಡುವವರಿಗೆ ಮಾತ್ರ ಹಾಳಾದಂತೆ ಕಾಣುತ್ತದೆ. ಯಾವುದು ಯಾವುದೆಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಒಂದು ಮೇಜಿನ ದೀಪ, ಒಂದು ಭೂತಗನ್ನಡಿ, ಶಾಲೆಯ ಸ್ಕೇಲು ಸಾಕು.

ಲೆಡ್ಜರ್ ಕಲಿಸಿದ ಪಾಠ

ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನ ಗುಮಾಸ್ತೆ ಕೆಲಸ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಸಂಜೆ ಲೆಕ್ಕ ಟ್ಯಾಲಿ ಆಗದೆ ಮನೆಗೆ ಹೋಗುವ ಹಾಗಿರಲಿಲ್ಲ. ವ್ಯತ್ಯಾಸ ಬಂದರೆ ನಮ್ಮ ಹಿರಿಯ ಗುಮಾಸ್ತರು ಯಾರನ್ನೂ ಬೈಯುತ್ತಿರಲಿಲ್ಲ. ಮೊದಲು ಆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದರು. ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದೆಂದು ಸಂಶಯಪಡುತ್ತಿದ್ದರು. 54 ಬರೆಯುವ ಕಡೆ 45 ಬರೆದರೆ ವ್ಯತ್ಯಾಸ 9. 82ರ ಬದಲು 28 ಬರೆದರೆ 54, ಅದೂ 9ರ ಮಗ್ಗಿಯದೇ. ಮಕ್ಕಳೇ, ನೀವೂ ಯಾವುದಾದರೂ ಸಂಖ್ಯೆ ಹಿಡಿದು ಮಾಡಿ ನೋಡಿ. ತಪ್ಪು ಎಲ್ಲಿ ಆಗಿದೆ ಎಂಬುದರ ಗುರುತನ್ನು ತಪ್ಪೇ ಇಟ್ಟುಕೊಂಡಿರುತ್ತದೆ ಎಂದು ನಾನು ಕಲಿತದ್ದು ಹೀಗೆ.

ಫೋಟೊಗ್ರಫಿ ನನ್ನ ಹವ್ಯಾಸ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ ಅದನ್ನೇ ಡಾರ್ಕ್‌ರೂಮ್ ಮಾಡಿಕೊಳ್ಳುತ್ತಿದ್ದೆ. ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್ ಕಾರ್ಖಾನೆಯ 'ಇಂದು' ಫಿಲಂ ಆಗ ನಮ್ಮಂಥವರ ಕೈಗೆ ಎಟುಕುತ್ತಿತ್ತು. ಲೆಡ್ಜರ್‌ನ ಪಾಠ ಆ ಕತ್ತಲೆಯಲ್ಲೂ ನನಗೆ ಉಪಯೋಗಕ್ಕೆ ಬಂತು.

ಮಸಾಲೆ ದೋಸೆಯಂಥ ಫಿಲಂ

ಫಿಲಂ ಎಂದರೆ ಒಂದೇ ಪ್ಲಾಸ್ಟಿಕ್ ಹಾಳೆಯಲ್ಲ. ಮಸಾಲೆ ದೋಸೆಯನ್ನು ನೆನೆಸಿಕೊಳ್ಳಿ. ದೋಸೆಯ ಒಂದು ಬದಿಗೆ ಮಾತ್ರ ತೆಳ್ಳಗೆ ಕೆಂಪು ಚಟ್ನಿ ಸವರುತ್ತಾರಲ್ಲ, ಫಿಲಂ ಕೂಡ ಹಾಗೆಯೇ. ದೋಸೆಯ ಜಾಗದಲ್ಲಿ ಪಾರದರ್ಶಕವಾದ ಪ್ಲಾಸ್ಟಿಕ್, ಚಟ್ನಿಯ ಜಾಗದಲ್ಲಿ ಜೆಲಾಟಿನ್ ಎಂಬ ಅಂಟಿನ ಪದರ. ಆ ಅಂಟಿನೊಳಗೆ ಬೆಳಕು ತಾಗಿದರೆ ಬದಲಾಗುವ ಬೆಳ್ಳಿಯ ಲವಣದ ಕಣಗಳಿರುತ್ತವೆ. ಈ ಪದರಕ್ಕೆ ಎಮಲ್ಷನ್ ಎನ್ನುತ್ತಾರೆ. ರೀಲನ್ನು ರಾಸಾಯನಿಕದಲ್ಲಿ ತೊಳೆದಾಗ ಬೆಳಕು ಬಿದ್ದ ಕಡೆ ಕಪ್ಪು ಬೆಳ್ಳಿ ಉಳಿಯುತ್ತದೆ, ಬೀಳದ ಕಡೆ ಲವಣ ಕರಗಿ ಹೋಗಿ ಫಿಲಂ ತಿಳಿಯಾಗುತ್ತದೆ. ಅದಕ್ಕೇ ಬಿಳಿ ಅಂಗಿ ನೆಗೆಟಿವ್‌ನಲ್ಲಿ ಕಪ್ಪು. ಕಲರ್ ಫಿಲಂನಲ್ಲಿ ಇಂಥ ಪದರಗಳು ಒಂದರ ಮೇಲೊಂದು ಇರುತ್ತವೆ, ತೊಳೆದ ಮೇಲೆ ಬೆಳ್ಳಿಯ ಬದಲು ಬಣ್ಣ ಉಳಿಯುತ್ತದೆ.

ಚಿತ್ರವಿರುವುದು ಚಟ್ನಿಯಲ್ಲಿ, ದೋಸೆಯಲ್ಲಲ್ಲ. ಇದೊಂದು ನೆನಪಿದ್ದರೆ ಉಳಿದದ್ದೆಲ್ಲ ಸುಲಭ.

ಯಾವ ಬದಿ ಯಾವುದು? ದೀಪದ ಕೆಳಗೆ ಓರೆಯಾಗಿ ಹಿಡಿಯಿರಿ. ಕನ್ನಡಿಯಂತೆ ಹೊಳೆಯುವುದು ಪ್ಲಾಸ್ಟಿಕ್ ಬದಿ, ಮಂಕಾಗಿ ಕಾಣುವುದು ಎಮಲ್ಷನ್ ಬದಿ. ಫಿಲಂ ಸಾಮಾನ್ಯವಾಗಿ ಎಮಲ್ಷನ್ ಇರುವ ಕಡೆಗೆ ಬಾಗುತ್ತದೆ. ಅಂಚಿನಲ್ಲಿ 1, 1ಎ, 2, 2ಎ ಎಂದು ಮುದ್ರಿಸಿರುವ ಸಂಖ್ಯೆಗಳು ನೇರವಾಗಿ ಓದಲು ಬಂದರೆ ಹೊಳೆಯುವ ಬದಿ ನಿಮ್ಮ ಕಡೆಗಿದೆ ಎಂದರ್ಥ.

ಕಪ್ಪು ಗೆರೆ, ಬಿಳಿ ಗೆರೆ

ಈಗ ಪ್ರಿಂಟ್ ತೆಗೆದು ನೋಡಿ. ಗೆರೆ ಕಪ್ಪಾಗಿದೆಯೇ, ಬೆಳ್ಳಗಿದೆಯೇ?

ಎಮಲ್ಷನ್ ಬದಿಯನ್ನು ಏನಾದರೂ ಆಳವಾಗಿ ಗೀಚಿದರೆ ಅಲ್ಲಿಯ ಬೆಳ್ಳಿ ಕಿತ್ತುಹೋಗುತ್ತದೆ. ಪ್ರಿಂಟ್ ಹಾಕುವಾಗ ಆ ಜಾಗದಿಂದ ಬೆಳಕು ತಡೆಯಿಲ್ಲದೆ ನುಗ್ಗುತ್ತದೆ, ಕಾಗದದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಕಲರ್ ಫಿಲಂನಲ್ಲಿ ಮೇಲಿನ ಪದರವಷ್ಟೇ ಕಿತ್ತಿದ್ದರೆ ಬಣ್ಣದ ಗೆರೆಯೂ ಬರಬಹುದು. ಹೊಳೆಯುವ ಬದಿಯ ಗೀರಿನ ಕಥೆ ಬೇರೆ. ಅಲ್ಲಿ ಚಿತ್ರಕ್ಕೆ ಏನೂ ಆಗಿಲ್ಲ. ಗೀರಿನ ಒರಟು ಅಂಚಿಗೆ ತಾಗಿದ ಬೆಳಕು ನೇರವಾಗಿ ಹೋಗದೆ ಅತ್ತಿತ್ತ ಚದುರುತ್ತದೆ. ಕಾಗದಕ್ಕೆ ಅಲ್ಲಿ ಬೆಳಕು ಕಡಿಮೆ ತಲುಪುವುದರಿಂದ ಬಿಳಿ ಗೆರೆ ಮೂಡುತ್ತದೆ.

ಸರಳವಾಗಿ ಹೇಳುವುದಾದರೆ, ಪ್ರಿಂಟಿನಲ್ಲಿ ಕಪ್ಪು ಗೆರೆ ಇದ್ದರೆ ಚಿತ್ರಕ್ಕೆ ಗಾಯವಾಗಿದೆ. ಬಿಳಿ ಗೆರೆ ಇದ್ದರೆ ಬಹುಮಟ್ಟಿಗೆ ಗಾಯ ಅಂಗಿಗೆ ಮಾತ್ರ, ಮೈಗಲ್ಲ.

ಬಿಳಿ ಗೆರೆಗೆ ಹಳೆಯ ಫೋಟೊಗ್ರಾಫರರು ಒಂದು ತಮಾಷೆಯ ಮದ್ದು ಮಾಡುತ್ತಿದ್ದರು. ಮೂಗಿನ ಪಕ್ಕದ ಜಿಡ್ಡನ್ನು ಬೆರಳಿಗೆ ಒರೆಸಿಕೊಂಡು ಹೊಳೆಯುವ ಬದಿಯ ಗೀರಿಗೆ ತೆಳ್ಳಗೆ ಸವರಿ ಪ್ರಿಂಟ್ ಹಾಕುತ್ತಿದ್ದರು. ಗೆರೆ ಮಾಯ! ಇದರಲ್ಲಿ ಮಂತ್ರವಿಲ್ಲ. ಬೋಂಡ ಕಟ್ಟಿಕೊಟ್ಟ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. ಎಣ್ಣೆ ತಾಗಿದ ಕಡೆ ಬೆಳಕು ತೂರಿ ಬರುತ್ತದೆ. ಕಾಗದದ ಎಳೆಗಳ ನಡುವೆ ಗಾಳಿ ಇದ್ದಾಗ ಬೆಳಕು ಚದುರುತ್ತಿತ್ತು. ಎಣ್ಣೆ ಆ ಜಾಗ ತುಂಬಿದಾಗ ಬೆಳಕಿಗೆ ದಾರಿಯಾಯಿತು. ಗೀರಿನಲ್ಲಿ ತುಂಬಿದ ಮೂಗಿನ ಜಿಡ್ಡು ಮಾಡುವುದೂ ಇದನ್ನೇ. ಎಮಲ್ಷನ್ ಬದಿಗೆ ಈ ಮದ್ದು ನಾಟುವುದಿಲ್ಲ. ಇಲ್ಲದ ಬೆಳ್ಳಿಯನ್ನು ಯಾವ ಜಿಡ್ಡೂ ತಂದುಕೊಡಲಾರದು.

ಒಂದು ಮದುವೆಯ ರೀಲು

ಗೀರು ಓದಲು ಬಂದರೆ ಫೋಟೊ ಮಾತ್ರವಲ್ಲ, ಮನುಷ್ಯರೂ ಉಳಿಯುತ್ತಾರೆ ಎನ್ನಲು ಒಂದು ಪ್ರಸಂಗ ಹೇಳುತ್ತೇನೆ. 1970ರ ದಶಕದ ಕೊನೆಯ ವರ್ಷಗಳು. ನಾನು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಶಾಖೆಯಲ್ಲಿದ್ದೆ. ನಮ್ಮ ಕ್ಯಾಷಿಯರ ಮದುವೆಯ ಫೋಟೊ ತೆಗೆದದ್ದು ಪೇಟೆಯ ಒಂದು ಸ್ಟುಡಿಯೋದ ಯಜಮಾನರು. ಪ್ರಿಂಟ್ ತರಲು ಕ್ಯಾಷಿಯರ ಜೊತೆ ನಾನೂ ಹೋಗಿದ್ದೆ. ಮಾಂಗಲ್ಯಧಾರಣೆ, ಸಪ್ತಪದಿ, ಆರತಕ್ಷತೆ, ಎಲ್ಲದರಲ್ಲೂ ಒಂದೇ ಎತ್ತರದಲ್ಲಿ ಕೂದಲೆಳೆಯಂಥ ಬಿಳಿ ಗೆರೆ. ಒಂದರಲ್ಲಂತೂ ವಧುವಿನ ಕಣ್ಣಿನ ಮೇಲೇ ಹಾದುಹೋಗಿತ್ತು.

ಯಜಮಾನರು ಡಾರ್ಕ್‌ರೂಮಿನ ಹುಡುಗನ ಮೇಲೆ ಹರಿಹಾಯ್ದರು. "ಲೇ, ರೀಲು ಒಣಗಿ ಹಾಕೋವಾಗ ಬೆರಳಲ್ಲಿ ಎಳೆದು ಗೀಚಿದ್ದೀಯ. ಈ ತಿಂಗಳ ಸಂಬಳದಲ್ಲಿ ಹಿಡ್ಕೋತೀನಿ!" ಹುಡುಗನಿಗೆ ಹದಿನೇಳೋ ಹದಿನೆಂಟೋ ವಯಸ್ಸು. "ಇಲ್ಲ ಸಾರ್, ನಾನಲ್ಲ ಸಾರ್" ಎನ್ನುತ್ತಿದ್ದನೇ ಹೊರತು ಅವನ ಬಳಿ ಬೇರೆ ಸಾಕ್ಷಿ ಇರಲಿಲ್ಲ.

"ಯಜಮಾನ್ರೇ, ಒಂದ್ ನಿಮಿಷ ಆ ನೆಗೆಟಿವ್ ಕೊಡಿ" ಎಂದೆ.

ಮೊದಲನೆಯ ಪ್ರಶ್ನೆ, ಯಾವ ಬದಿ? ಗೆರೆ ಬಿಳಿ. ದೀಪಕ್ಕೆ ಓರೆಯಾಗಿ ಹಿಡಿದಾಗ ಹೊಳೆಯುವ ಬದಿಯಲ್ಲೇ ಗೀರು ಮಿಂಚಿತು. ಒದ್ದೆ ಫಿಲಂನಲ್ಲಿ ಮೆತ್ತಗಾಗಿ ಊದಿಕೊಂಡಿರುವುದು ಎಮಲ್ಷನ್. ಒರೆಸುವಾಗ ಮರಳು ಸಿಕ್ಕಿಕೊಂಡರೆ ಮೊದಲು ಗಾಯವಾಗಬೇಕಾದದ್ದು ಅದಕ್ಕೆ. ಇಲ್ಲಿ ಅದು ಸ್ವಚ್ಛವಾಗಿತ್ತು.

ಎರಡನೆಯದು, ಗೆರೆ ಎಲ್ಲಿಂದ ಎಲ್ಲಿಗೆ? ಸ್ಕೇಲು ಇಟ್ಟು ಅಳೆದೆ. ಎಲ್ಲ ಪಟ್ಟಿಗಳಲ್ಲೂ ಅಂಚಿನಿಂದ ಅಷ್ಟೇ ದೂರ. ಚಿತ್ರ ಮತ್ತು ಚಿತ್ರದ ನಡುವಿನ ಖಾಲಿ ಜಾಗದಲ್ಲೂ ಗೆರೆ ಬಿಡದೆ ಸಾಗಿತ್ತು. ಅಂದರೆ ಒಂದೇ ಕಡೆ ನಿಂತ ಯಾವುದೋ ಮುಳ್ಳಿನ ಮೇಲೆ ಫಿಲಂ ಉದ್ದಕ್ಕೂ ಹರಿದುಹೋಗಿದೆ.

ಮೂರನೆಯದೇ ಮುಖ್ಯ. ರೀಲಿನ ಕೊನೆಯ ತುದಿಯಲ್ಲೂ ಗೆರೆ ಇದೆಯೇ? ಫಿಲಂನ ಬಾಲ ಡಬ್ಬಿಯೊಳಗಿನ ಉರುಳೆಗೆ ಅಂಟಿಕೊಂಡಿರುತ್ತದೆ. ಕೊನೆಯ ಚಿತ್ರ ತೆಗೆದಾಗಲೂ ಆ ಕೆಲವು ಸೆಂಟಿಮೀಟರ್ ಕ್ಯಾಮೆರಾದ ಕಿಟಕಿಯವರೆಗೆ ಬರುವುದೇ ಇಲ್ಲ. ಆದರೆ ತೊಳೆಯುವಾಗ, ಒರೆಸುವಾಗ ಅದೂ ಉಳಿದ ಫಿಲಂನ ಜೊತೆಗೇ ಇರುತ್ತದೆ. ಪಟ್ಟಿ ಮಾಡುವಾಗ ಕತ್ತರಿಸಿ ಎಸೆದ ಆ ತುಂಡು ಇನ್ನೂ ಕಸದ ಬುಟ್ಟಿಯಲ್ಲೇ ಬಿದ್ದಿತ್ತು. ಹುಡುಗ ಹುಡುಕಿ ತಂದ. ಅದರ ಮೇಲೆ ಒಂದೂ ಗೆರೆ ಇರಲಿಲ್ಲ.

ನಾಲ್ಕನೆಯದು, ಹೋಲಿಕೆ. ಅದೇ ಸಂಜೆ ಅದೇ ಹುಡುಗ ತೊಳೆದ ಬೇರೆ ಗಿರಾಕಿಯ ರೀಲು ಶುದ್ಧವಾಗಿತ್ತು. ಯಜಮಾನರ ಕ್ಯಾಮೆರಾದ ಹಿಂದಿನ ರೀಲಿನಲ್ಲಿ ಮಾತ್ರ, ಅದೇ ಅಳತೆಯಲ್ಲಿ, ಮಸುಕಾದ ಗೆರೆ ಕಾಣಿಸಿತು.

ಕ್ಯಾಮೆರಾದ ಹಿಂಬಾಗಿಲು ತೆರೆದೆವು. ಅಲ್ಲಿ ಫಿಲಂ ಅಲುಗಾಡದಂತೆ ಅದರ ಬೆನ್ನಿಗೆ ಒತ್ತಿ ನಿಲ್ಲುವ ಸಪಾಟಾದ ತಗಡೊಂದು ಇರುತ್ತದೆ, ಪ್ರೆಷರ್ ಪ್ಲೇಟ್ ಎನ್ನುತ್ತಾರೆ. ಫಿಲಂನ ಬೆನ್ನು ಎಂದರೆ ಅದೇ ಹೊಳೆಯುವ ಬದಿ. ಸ್ಕೇಲು ತೋರಿಸಿದ ಜಾಗದಲ್ಲೇ ಒಂದು ಮರಳಿನ ಕಣ ಕಚ್ಚಿಕೊಂಡು ಕೂತಿತ್ತು. ಲೆಕ್ಕ ಟ್ಯಾಲಿ ಆಯಿತು.

ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕುಂಚದಿಂದ ಆ ಕಣ ತೆಗೆದರು. ಆಮೇಲೆ ಹುಡುಗನ ಕಡೆ ತಿರುಗಿ, "ಹೋಗಿ ನಾಲ್ಕು ಟೀ ಹೇಳು. ನಿಂಗೂ ಸೇರಿಸಿ" ಎಂದರು. ಸಂಬಳದ ಮಾತು ಮತ್ತೆ ಬರಲಿಲ್ಲ. ಹುಡುಗ ನೆಗೆಟಿವ್‌ಗೆ ಮೂಗಿನ ಜಿಡ್ಡು ಸವರಿ ಹೊಸ ಪ್ರಿಂಟ್ ಹಾಕಿದ. ಉಳಿದ ಚೂರುಪಾರು ಗೆರೆಯನ್ನು ಸಣ್ಣ ಕುಂಚದಲ್ಲಿ ಬಣ್ಣ ಚುಕ್ಕಿಯಿಟ್ಟು ಮುಚ್ಚಿದ. ವಧುವಿನ ಕಣ್ಣು ಮೊದಲಿನಂತಾಯಿತು.

ಇನ್ನಷ್ಟು ಗುರುತುಗಳು

ಎಲ್ಲ ಗುರುತೂ ಮರಳಿನದಲ್ಲ. ನಿಮ್ಮ ಮನೆಯ ಕವರಿನಲ್ಲಿ ಇವೂ ಸಿಗಬಹುದು.

ಡಬ್ಬಿಯ ಬಾಯಿಯ ಗೆರೆ: ಫಿಲಂ ಡಬ್ಬಿಯ ಬಾಯಿಗೆ ಬೆಳಕು ಹೋಗದಂತೆ ಮಖಮಲ್ ಬಟ್ಟೆ ಅಂಟಿಸಿರುತ್ತಾರೆ. ಆಗೆಲ್ಲ ಸ್ಟುಡಿಯೋದವರು 100 ಅಡಿಯ ದೊಡ್ಡ ರೀಲು ತಂದು, ಕತ್ತಲೆಯಲ್ಲಿ ಕತ್ತರಿಸಿ, ಹಳೆಯ ಡಬ್ಬಿಗಳಿಗೇ ತುಂಬುತ್ತಿದ್ದರು. ಡಬ್ಬಿ ಹಳೆಯದಾದಷ್ಟೂ ಮಖಮಲ್‌ನಲ್ಲಿ ಧೂಳು ಹೆಚ್ಚು. ಇದು ಯಾವ ಬದಿಯನ್ನಾದರೂ ಉದ್ದಕ್ಕೂ ಗೀಚಬಹುದು.

ಒಟ್ಟೊಟ್ಟಿಗೆ ಗಿಡ್ಡ ಗೆರೆಗಳು: ಸುತ್ತಿಟ್ಟ ಫಿಲಂ ಸಡಿಲವಾಗಿದೆಯೆಂದು ತುದಿ ಹಿಡಿದು ಬಿಗಿಯಾಗಿ ಎಳೆದರೆ ಸುತ್ತುಗಳು ಒಂದಕ್ಕೊಂದು ಉಜ್ಜುತ್ತವೆ. ನಡುವೆ ಧೂಳಿದ್ದರೆ ಅಕ್ಕಪಕ್ಕ ಹತ್ತಾರು ಸಣ್ಣ ಗೀರು. ಮಕ್ಕಳೇ, ಡಬ್ಬಿಯಲ್ಲಿ ಸುತ್ತಿಟ್ಟ ನೆಗೆಟಿವ್ ಸಿಕ್ಕಿದರೆ ಎಳೆಯಬೇಡಿ.

ಅರ್ಧಚಂದ್ರ: ಕತ್ತಲೆಯಲ್ಲಿ ರೀಲನ್ನು ಡೆವಲಪಿಂಗ್ ಟ್ಯಾಂಕಿನ ಚಕ್ರಕ್ಕೆ ಸುತ್ತುವಾಗ ಫಿಲಂ ಮಡಿಚಿಕೊಂಡರೆ ಉಗುರಿನ ಆಕಾರದ ಗುರುತು ಬೀಳುತ್ತದೆ. ಇದು ಗೀರಲ್ಲ, ಒತ್ತಡದ ಕಲೆ.

ಮಿಂಚು: ಒಣಹವೆಯಲ್ಲಿ ರೀಲನ್ನು ಭರಭರನೆ ಸುತ್ತಿದರೆ ಸ್ಥಾಯಿ ವಿದ್ಯುತ್ತಿನ ಕಿಡಿ ಹಾರುತ್ತದೆ. ಸ್ವೆಟರ್ ಕಳಚುವಾಗ ಚಟಚಟ ಎನ್ನುತ್ತದಲ್ಲ, ಅದೇ. ಆ ಕಿಡಿಯ ಬೆಳಕಿನ ಚಿತ್ರವೇ ಫಿಲಂನಲ್ಲಿ ದಾಖಲಾಗಿ, ಪ್ರಿಂಟಿನಲ್ಲಿ ಕವಲೊಡೆದ ಬಿಳಿ ಮಿಂಚಿನಂತೆ ಕಾಣುತ್ತದೆ.

ನೀರಿನ ಕಲೆ: ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದ ಫಿಲಂ ಮೇಲೆ ಹನಿ ಹಾಗೇ ಒಣಗಿದರೆ ಸುಣ್ಣದ ಉಂಗುರ ಉಳಿಯುತ್ತದೆ. ಸ್ಟೀಲ್ ಲೋಟದ ಮೇಲೆ ನೀವು ದಿನಾ ನೋಡುವ ಕಲೆಯೇ ಇದು.

ಬೂಷ್ಟು: ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದೇ ದೊಡ್ಡ ಶತ್ರು. ಜೇಡರ ಬಲೆಯಂತೆ ಎಳೆಎಳೆಯಾಗಿ ಹರಡಿರುತ್ತದೆ. ಇದು ಜೆಲಾಟಿನ್ನನ್ನೇ ತಿನ್ನುತ್ತದೆ. ಬೂಷ್ಟು ಹಿಡಿದ ನೆಗೆಟಿವ್‌ಗೆ ನೀರು ಮುಟ್ಟಿಸಬೇಡಿ. ಹಾಳಾದ ಜೆಲಾಟಿನ್ ನೀರಿನಲ್ಲಿ ಕರಗಿ ಚಿತ್ರವೇ ಹರಿದು ಹೋಗಬಹುದು.

ಸಿನಿಮಾದೊಳಗಿನ ಮಳೆ

ಟೆಂಟ್ ಸಿನಿಮಾದಲ್ಲಿ ಹಳೆಯ ಚಿತ್ರ ನೋಡಿದ ಅಜ್ಜ ಅಜ್ಜಿಯರಿಗೆ ಗೊತ್ತು, ಕಥೆಯಲ್ಲಿ ಬೇಸಿಗೆಯಿದ್ದರೂ ಪರದೆಯ ಮೇಲೆ ಮಳೆ ಸುರಿಯುತ್ತಿತ್ತು! ಅದೂ ಗೀರೇ. ನಮ್ಮ 35 ಮಿಲಿಮೀಟರ್ ಕ್ಯಾಮೆರಾದಲ್ಲಿ ಫಿಲಂ ಅಡ್ಡಡ್ಡ ಸಾಗುವುದರಿಂದ ಗೆರೆ ಅಡ್ಡಕ್ಕೆ ಬೀಳುತ್ತದೆ. ಪ್ರೊಜೆಕ್ಟರಿನಲ್ಲಿ ಫಿಲಂ ಮೇಲಿನಿಂದ ಕೆಳಗೆ, ಸೆಕೆಂಡಿಗೆ 24 ಚಿತ್ರದಂತೆ ಓಡುವುದರಿಂದ ಗೆರೆ ಉದ್ದಕ್ಕೆ ಬಿದ್ದು ಮಳೆಯಾಗುತ್ತದೆ. ಕಲರ್ ಚಿತ್ರಗಳಲ್ಲಿ ಹಸಿರು ಗೆರೆ ಕಂಡದ್ದು ನೆನಪಿದೆಯೇ? ಆ ಪ್ರತಿಯ ಎಮಲ್ಷನ್ನಿನ ಮೇಲಿನ ಪದರ ಕಿತ್ತು ಕೆಳಗಿನ ಬಣ್ಣಗಳು ಕಾಣಿಸಿಕೊಂಡದ್ದು ಅದು.

ಹಳೆಯ ಚಿತ್ರಗಳನ್ನು ಉಳಿಸುವ ಪ್ರಯೋಗಾಲಯಗಳು ಫಿಲಂನಿಂದ ಹೊಸ ಪ್ರತಿ ತೆಗೆಯುವಾಗ ಅದನ್ನು ಒಂದು ವಿಶೇಷ ದ್ರವದಲ್ಲಿ ಒದ್ದೆ ಮಾಡುವುದುಂಟು. ದ್ರವ ಗೀರಿನೊಳಗೆ ತುಂಬುತ್ತದೆ, ಬೆಳಕು ಚದುರುವುದು ನಿಲ್ಲುತ್ತದೆ, ಹೊಳೆಯುವ ಬದಿಯ ಮಳೆ ನಿಲ್ಲುತ್ತದೆ. ಮೂಗಿನ ಜಿಡ್ಡಿನ ವಿದ್ಯೆಯೇ, ದೊಡ್ಡ ಪ್ರಮಾಣದಲ್ಲಿ! ಗೀರು ಬಿದ್ದ ಪ್ರತಿಯಾದರೂ ಕೈಯಲ್ಲಿದ್ದರೆ ತಾನೇ ಇದೆಲ್ಲ? ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಅದರ ಪ್ರತಿ ಇಂದು ನೋಡಲು ಸಿಗುವುದಿಲ್ಲ. ಮಳೆ ಸುರಿಯುವ ಒಂದು ಪ್ರತಿ ಉಳಿದಿದ್ದರೂ ನಾವು ಕಣ್ಣಿಗೊತ್ತಿಕೊಳ್ಳುತ್ತಿದ್ದೆವು.

ಹಾಗೆಂದು ಎಲ್ಲ ಗೆರೆಯೂ ಗೀರಲ್ಲ. 1966–67ರಲ್ಲಿ ಅಮೆರಿಕ ಕಳಿಸಿದ ಐದು ಲೂನಾರ್ ಆರ್ಬಿಟರ್ ನೌಕೆಗಳು ಚಂದ್ರನ ಸುತ್ತ ಸುತ್ತುತ್ತಾ ಫಿಲಂನಲ್ಲೇ ಫೋಟೊ ತೆಗೆದವು. ಫಿಲಂ ತೊಳೆಯುವ ಕೆಲಸವೂ ನೌಕೆಯೊಳಗೇ ನಡೆಯಿತು. ಆಮೇಲೆ ಚಿತ್ರವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಓದಿ ರೇಡಿಯೋ ಮೂಲಕ ಭೂಮಿಗೆ ಕಳಿಸಿದವು. ಆ ಫೋಟೊಗಳ ಮೇಲೆ ಸಮಾನ ಅಂತರದಲ್ಲಿ ಕಾಣುವ ಗೆರೆಗಳು ಪಟ್ಟಿ ಪಟ್ಟಿ ಸೇರಿಸಿದ ಹೊಲಿಗೆ, ಗೀರಲ್ಲ. ಮನುಷ್ಯ ಚಂದ್ರನ ಮೇಲೆ ಇಳಿಯುವ ಜಾಗ ಹುಡುಕಲು ನೆರವಾದದ್ದು ಈ ಗೆರೆ ಗೆರೆಯ ಫೋಟೊಗಳೇ.

ಈ ಭಾನುವಾರ ಮಾಡಿ ನೋಡಿ

ಅಜ್ಜನೋ ಅಜ್ಜಿಯೋ ಜೊತೆಗಿರಲಿ. ಇಬ್ಬರೂ ಕೈ ತೊಳೆದು ಒರೆಸಿಕೊಳ್ಳಿ.

1. ನೆಗೆಟಿವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಉಫ್ ಎಂದು ಊದಬೇಡಿ, ಎಂಜಲು ಹಾರುತ್ತದೆ. ಅಂಗಿಯ ತುದಿಯಿಂದ ಒರೆಸಲೇಬೇಡಿ. ಮೆದು ಕುಂಚದಿಂದ ಧೂಳು ಸರಿಸಿದರೆ ಸಾಕು. ಗೀರು ಎಂದುಕೊಂಡದ್ದು ಎಷ್ಟೋ ಸಲ ಧೂಳಿನ ಎಳೆಯಾಗಿರುತ್ತದೆ.

2. ದೀಪಕ್ಕೆ ಓರೆಯಾಗಿ ಹಿಡಿದು ಗೀರು ಯಾವ ಬದಿಯಲ್ಲಿದೆ ನೋಡಿ. ಉಗುರಿನಿಂದ ಮುಟ್ಟಿ ಪರೀಕ್ಷಿಸಬೇಡಿ. ಮೂಗಿನ ಜಿಡ್ಡಿನ ಪ್ರಯೋಗವೂ ಬೇಡ. ಅದು ಕೈ ಪಳಗಿದವರ ಕೆಲಸ, ಆಮೇಲೆ ಒರೆಸಿ ತೆಗೆಯಬೇಕಾಗುತ್ತದೆ.

3. ಟ್ಯಾಬ್ಲೆಟ್ಟಿನ ಪರದೆಯನ್ನು ಪೂರ್ತಿ ಬೆಳ್ಳಗೆ ಮಾಡಿ. ಅದರಿಂದ ಎರಡು ಮೂರು ಬೆರಳಿನಷ್ಟು ಎತ್ತರದಲ್ಲಿ ನೆಗೆಟಿವ್ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಆ ಫೋಟೊದ ಬಣ್ಣವನ್ನು ಮೊಬೈಲಿನಲ್ಲೇ ತಿರುವುಮುರುವು ಮಾಡಿದರೆ ದೆವ್ವಗಳು ಮನುಷ್ಯರಾಗುತ್ತಾರೆ!

4. ಚಿತ್ರ ಮುಖ್ಯವಾದದ್ದಾದರೆ ಒಳ್ಳೆಯ ಸ್ಕ್ಯಾನರ್ ಇರುವವರಲ್ಲಿ ಕೊಡಿ. ಕೆಲವು ಸ್ಕ್ಯಾನರ್‌ಗಳು ಅವಕೆಂಪು ಕಿರಣ ಹಾಯಿಸಿ ಗೀರು, ಧೂಳನ್ನು ಗುರುತಿಸಿ ಅಳಿಸುತ್ತವೆ. ಕಲರ್ ನೆಗೆಟಿವ್‌ನ ಬಣ್ಣದೊಳಗೆ ಆ ಕಿರಣ ಹಾದುಹೋಗುತ್ತದೆ, ಧೂಳು ಮತ್ತು ಗೀರು ಮಾತ್ರ ತಡೆಯುತ್ತವೆ. ಕಪ್ಪು ಬಿಳುಪಿನ ಬೆಳ್ಳಿ ಆ ಕಿರಣವನ್ನೂ ತಡೆಯುವುದರಿಂದ ಅಲ್ಲಿ ಈ ಉಪಾಯ ನಡೆಯದು. ಅದನ್ನು ಕೈಯಲ್ಲೇ ತಿದ್ದಬೇಕು.

5. ನೆಗೆಟಿವ್‌ನಿಂದ ವಿನಿಗರ್‌ನಂಥ ಹುಳಿ ವಾಸನೆ ಬಂದರೆ ಪ್ಲಾಸ್ಟಿಕ್ಕೇ ಕೊಳೆಯತೊಡಗಿದೆ ಎಂದರ್ಥ. ಅದನ್ನು ಬೇರೆ ಇಟ್ಟು, ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ.

6. ಉಳಿದವನ್ನು ಒಂದೊಂದು ಪಟ್ಟಿಗೆ ಒಂದೊಂದು ಕಾಗದದ ಕವರಿನಂತೆ, ಒಣಗಿದ ತಂಪು ಜಾಗದಲ್ಲಿಡಿ. ಅಟ್ಟವೂ ಬೇಡ, ಬಚ್ಚಲಿನ ಗೋಡೆಯ ಪಕ್ಕದ ಕಪಾಟೂ ಬೇಡ.

ಕೊನೆಯದಾಗಿ ಇನ್ನೊಂದು ಕೆಲಸವಿದೆ. ಗೀರನ್ನು ಸ್ಕ್ಯಾನರ್ ಅಳಿಸೀತು, ಮಸುಕಾದ ಮುಖವನ್ನು ಕಂಪ್ಯೂಟರ್ ತಿದ್ದೀತು. ಆದರೆ ಚಿತ್ರದಲ್ಲಿ ಎಡಗಡೆ ಮಗು ಎತ್ತಿಕೊಂಡು ನಿಂತಿರುವವರು ಯಾರು, ಆ ಮನೆ ಯಾವ ಊರಿನದು, ಅವತ್ತು ಏನು ಹಬ್ಬ ಎಂದು ಯಾವ ಯಂತ್ರವೂ ಹೇಳಲಾರದು. ಅದು ಗೊತ್ತಿರುವುದು ಪಕ್ಕದಲ್ಲಿ ಕೂತಿರುವ ನಿಮ್ಮ ಅಜ್ಜ ಅಜ್ಜಿಗೆ. ಕೇಳಿ, ಖಾಲಿ ಕವರಿನ ಮೇಲೆ ಮೊದಲೇ ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ಆಮೇಲೆ ನೆಗೆಟಿವನ್ನು ಒಳಗಿಡಿ. ಒಳಗಿಟ್ಟ ಮೇಲೆ ಒತ್ತಿ ಬರೆದರೆ ಅದೂ ಒಂದು ಗೆರೆಯಾಗಿ ಬೀಳುತ್ತದೆ.